ತೋಟದ ದಾರಿಗೆ ಸೈಡ್‌ಕಾರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತೋಟದ ಕಚ್ಚಾ ದಾರಿಯಲ್ಲಿ ಓಡಾಡಲೆಂದು ಬುಲೆಟ್ 350 ಬೈಕಿನ ಎಡಬದಿಗೆ ಸೈಡ್‌ಕಾರ್ (ಪಕ್ಕಕ್ಕೆ ಜೋಡಿಸುವ ಒಂದೇ ಚಕ್ರದ ಗಾಡಿ) ಕೂರಿಸಿದ್ದೇನೆ. ವೇಗ 30 ಮುಟ್ಟುವಷ್ಟರಲ್ಲಿ ಹ್ಯಾಂಡಲ್ ನಡುಗುತ್ತದೆ, ಗಾಡಿ ಸದಾ ಎಡಕ್ಕೆ ಎಳೆಯುತ್ತದೆ. ಒಳ್ಳೆಯ ಗುಂಡಿ ಟೈರ್ (ಮೈಮೇಲೆ ದಪ್ಪ ಉಬ್ಬುಗಳಿರುವ ಟೈರ್) ಹಾಕಿಸಿದರೆ ಸರಿಹೋದೀತೆ?
– ಮೂಡಿಗೆರೆ

ಉತ್ತರ: ಟೈರಿಗೆ ಈಗಲೇ ದುಡ್ಡು ಹಾಕಬೇಡಿ. ನೀವು ಹೇಳುವ ಎರಡೂ ತೊಂದರೆ ಹೆಚ್ಚಾಗಿ ಜೋಡಣೆಯ ಅಳತೆಯಲ್ಲೇ ಇರುತ್ತವೆ. ಅಳತೆ ಕೂರದ ಗಾಡಿಗೆ ಎಂಥ ಟೈರ್ ಹಾಕಿದರೂ ಅದು ಬೇಗ ಸವೆಯುತ್ತದೆ, ಅಷ್ಟೆ.

ಕಾಫಿ ಒಣಗಿಸುವ ಸಿಮೆಂಟ್ ಕಣ ಈ ಕೆಲಸಕ್ಕೆ ಒಳ್ಳೆಯ ಜಾಗ. ಮೂರೂ ಚಕ್ರಕ್ಕೆ ಸರಿಯಾಗಿ ಗಾಳಿ ತುಂಬಿಸಿ, ನಿಮ್ಮ ತೂಕದವರೊಬ್ಬರನ್ನು ಸೀಟಿನಲ್ಲಿ ಕೂರಿಸಿ, ಸೈಡ್‌ಕಾರಿನಲ್ಲಿ ಮಾಮೂಲು ಹೊರೆಯ ಅರ್ಧದಷ್ಟು ಇಡಿ. ಎರಡು ಮೀಟರ್ ಉದ್ದದ ನೆಟ್ಟಗಿರುವ ಅಲ್ಯೂಮಿನಿಯಂ ಚೌಕ ಪೈಪು ಎರಡು ಬೇಕು. ಒಂದನ್ನು ಬೈಕಿನ ಎರಡೂ ಚಕ್ರಕ್ಕೆ ಸೈಡ್‌ಕಾರ್ ಇರುವ ಬದಿಯಿಂದ ತಾಗಿಸಿ, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ. ಮುಂದಿನ ಟೈರ್ ಹಿಂದಿನದಕ್ಕಿಂತ ಸಪೂರವಾಗಿರುವುದರಿಂದ ಮುಂದೆ ಸ್ವಲ್ಪ ಸಂದು ಉಳಿಯುತ್ತದೆ. ಆ ಸಂದು ಮುಂದಿನ ಟೈರಿನ ಉದ್ದಕ್ಕೂ ಒಂದೇ ಸಮ ಇರುವಂತೆ ಹ್ಯಾಂಡಲ್ ನೇರ ಹಿಡಿಯಿರಿ. ಈಗ ಎರಡು ಪೈಪುಗಳ ನಡುವಿನ ಅಂತರವನ್ನು ಮುಂದಿನ ಆಕ್ಸಲ್ (ಚಕ್ರದ ಅಚ್ಚು) ನೇರಕ್ಕೂ ಹಿಂದಿನ ಆಕ್ಸಲ್ ನೇರಕ್ಕೂ ಅಳೆಯಿರಿ. ಮುಂದಿನ ಅಳತೆ 15ರಿಂದ 20 ಮಿ.ಮೀ. ಕಡಿಮೆ ಇರಬೇಕು, ಅಂದರೆ ಸೈಡ್‌ಕಾರ್ ಚಕ್ರ ಬೈಕಿನ ಕಡೆಗೆ ತುಸು ಮುಖ ಮಾಡಿರಬೇಕು. ಸೈಡ್‌ಕಾರನ್ನು ಬೈಕಿಗೆ ಹಿಡಿದಿಡುವ ಸರಳುಗಳಿಗೆ ಕೈಗಳು ಎನ್ನುತ್ತೇವೆ; ಅವುಗಳಲ್ಲಿ ಕೆಳಗಿನ ಎರಡರಿಂದ ಇದನ್ನು ಸರಿಮಾಡಿ, ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಬೇಡ.

ಆಮೇಲೆ ಬೈಕಿನ ವಾಲು. ಬೈಕು ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದರಿಂದ ಒಂದೂವರೆ ಡಿಗ್ರಿ ವಾಲಿರಬೇಕು. ಗಾರೆಯವರ ತೂಗುಗುಂಡು ಬಿಟ್ಟು ನೋಡಿದರೆ ಒಂದು ಮೀಟರ್ ಎತ್ತರಕ್ಕೆ 17ರಿಂದ 26 ಮಿ.ಮೀ. ವ್ಯತ್ಯಾಸ ಕಾಣಬೇಕು. ಮೇಲಿನ ಕೈಗಳನ್ನು ಉದ್ದ ಮಾಡಿದರೆ ಬೈಕು ಬಲಕ್ಕೆ ವಾಲುತ್ತದೆ. ನಮ್ಮ ರಸ್ತೆಗಳು ಅಂಚಿನ ಕಡೆಗೆ, ಅಂದರೆ ಎಡಕ್ಕೆ, ಇಳಿಜಾರಾಗಿರುತ್ತವೆ. ಮೇಲಾಗಿ ಸೈಡ್‌ಕಾರ್ ಚಕ್ರಕ್ಕೆ ಎಂಜಿನ್ ಶಕ್ತಿ ಇಲ್ಲ, ಅದು ಎಳೆಸಿಕೊಂಡೇ ಬರುತ್ತದೆ. ವಾಲು ಸಾಲದಿದ್ದರೆ ನಿಮ್ಮ ಗಾಡಿಯಂತೆ ಸದಾ ಎಡಕ್ಕೆ ಎಳೆಯುತ್ತದೆ. ಆಕ್ಸಿಲರೇಟರ್ ತಿರುವಿದಾಗ ಮಾತ್ರ ಎಡಕ್ಕೆ, ಬ್ರೇಕ್ ಹಾಕಿದಾಗ ಬಲಕ್ಕೆ ಹೋದರೆ ಅದು ಸೈಡ್‌ಕಾರಿನ ಸಹಜ ಗುಣ, ಕೈಗೆ ಅಭ್ಯಾಸವಾಗಬೇಕು.

ಸೈಡ್‌ಕಾರ್ ಚಕ್ರದ ಆಕ್ಸಲ್ ಬೈಕಿನ ಹಿಂದಿನ ಆಕ್ಸಲ್‌ಗಿಂತ 200ರಿಂದ 250 ಮಿ.ಮೀ. ಮುಂದಿರಲಿ. ಕಡಿಮೆಯಾದರೆ ಬಲ ತಿರುವಿನ ಇಳಿಜಾರಿನಲ್ಲಿ ಸೈಡ್‌ಕಾರಿನ ಮೂತಿ ಕುಸಿದು ಬೈಕಿನ ಹಿಂಚಕ್ರ ಹಗುರಾಗುತ್ತದೆ. ಹೆಚ್ಚಾದರೆ ಹ್ಯಾಂಡಲ್ ಭಾರ, ಟೈರ್ ಸವೆತ.

ನಡುಕಕ್ಕೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್) ಮೊದಲು ನೋಡಿ. ಮುಂಚಕ್ರ ನೆಲದಿಂದ ಎತ್ತಿ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲುಗಿಸಿ. 'ಟಕ್' ಎಂದರೆ ಸಡಿಲವಾಗಿದೆ. ಅದನ್ನು ಬಿಗಿ ಮಾಡಿ, ಅಳತೆಗಳೂ ಕೂತ ಮೇಲೂ ನಡುಕ ಉಳಿದರೆ ಹ್ಯಾಂಡಲಿನ ಅಲುಗಾಟ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ. ಡ್ಯಾಂಪರನ್ನೇ ಮೊದಲು ಹಾಕಿದರೆ ದೋಷ ಮುಚ್ಚಿಹೋಗುತ್ತದೆ, ಇಳಿಯುವ ಹಾದಿಯಲ್ಲಿ ಅದು ಮತ್ತೆ ಹೊರಬರುತ್ತದೆ.

ಇನ್ನೊಂದು ಮಾತು: ಸೈಡ್‌ಕಾರಿನ ಕೈಗಳನ್ನು ಬೈಕಿನ ಚಾಸಿಗೆ ನೇರ ವೆಲ್ಡ್ ಮಾಡಿಸಿದ್ದರೆ ದಯವಿಟ್ಟು ತೆಗೆಸಿ. ವೆಲ್ಡಿಂಗಿನ ಅಂಚಿನಲ್ಲೇ ತೆಳು ಪೈಪು ಬಿರುಕು ಬಿಡುತ್ತದೆ. ಎಂಜಿನ್ ಮೌಂಟಿಂಗ್ ಬೋಲ್ಟುಗಳಿಗೆ ಕೂರುವ ಸಬ್‌ಫ್ರೇಮ್ (ಹೆಚ್ಚುವರಿ ಚೌಕಟ್ಟು) ಮಾಡಿಸಿ, ಒಟ್ಟು ನಾಲ್ಕು ಕಡೆ ಹಿಡಿತ ಕೊಡಿ. ಬೋಲ್ಟಿನ ಗಟ್ಟಿತನ 8.8 ಗ್ರೇಡಿಗೆ ಕಡಿಮೆ ಬೇಡ. ಮೊದಲ 100 ಕಿ.ಮೀ. ಆದ ಮೇಲೆ ಎಲ್ಲವನ್ನೂ ಮತ್ತೆ ಬಿಗಿ ಮಾಡಿ.

ಪ್ರಶ್ನೆ: ಜೀಪ್ ಓಡಾಡಿ ಗಾಡಿಜಾಡು ಬಿದ್ದ ದಾರಿಯಲ್ಲಿ ಸೈಡ್‌ಕಾರ್ ಒಂದು ಕಡೆ ವಾಲುತ್ತದೆ. ಮಳೆಗಾಲದಲ್ಲಿ ಏರಿನಲ್ಲಿ ಹಿಂಚಕ್ರ ತಿರುಗುತ್ತದೆ, ಗಾಡಿ ಹತ್ತುವುದಿಲ್ಲ.
– ಅರೇಹಳ್ಳಿ

ಉತ್ತರ: ಹಳೆಯ ವಿಲ್ಲಿಸ್ ಮಾದರಿಯ ಜೀಪಿನ ಎಡ-ಬಲ ಚಕ್ರಗಳ ಅಂತರ ಸುಮಾರು 1.23 ಮೀಟರ್. ಬೈಕಿನ ನಡುಗೆರೆಯಿಂದ ಸೈಡ್‌ಕಾರ್ ಚಕ್ರದ ನಡುವಿಗೆ 1.2 ಮೀಟರ್ ಹತ್ತಿರ ಇದ್ದರೆ ಎರಡೂ ಕಡೆ ಜಾಡಿನಲ್ಲೇ ಇಳಿದು ಓಡುತ್ತದೆ. ಒಂದು ಮೀಟರ್ ಇದ್ದರೆ ಸೈಡ್‌ಕಾರ್ ಚಕ್ರ ನಡುದಿಬ್ಬದ ಮೇಲೆ ಹತ್ತುತ್ತದೆ, ವಾಲುವುದು ಅದಕ್ಕೇ. ಹೊಸ ಜೀಪುಗಳು ಇನ್ನೂ ಅಗಲ, ಹಾಗಾಗಿ ನಿಮ್ಮ ದಾರಿಯ ಜಾಡನ್ನೇ ಅಳೆದು ನೋಡಿ. ಜಾಡಿಗಿಳಿದಾಗ ನಡುದಿಬ್ಬಕ್ಕೆ ಮೊದಲು ಬಡಿಯುವುದು ಕೆಳಗಿನ ಕೈಗಳು. ಅವುಗಳ ಬೋಲ್ಟಿನ ತಲೆ ಕೆಳಮುಖವಾಗಿ ಚಾಚಿರಬಾರದು.

ಜಾರುವುದಕ್ಕೆ ಕಾರಣ, ಮೂರು ಚಕ್ರದಲ್ಲಿ ಎಳೆಯುವುದು ಒಂದೇ. 45 ಕೆಜಿಯ ಯೂರಿಯಾ ಮೂಟೆಯನ್ನು ಸೈಡ್‌ಕಾರಿನ ಹೊರ ಅಂಚಿಗೆ ಇಟ್ಟರೆ ಆ ಚಕ್ರ ಕೆಸರಿನಲ್ಲಿ ಹೂಳುತ್ತದೆ, ಹಿಂಚಕ್ರಕ್ಕೆ ಏನೂ ಸಿಗುವುದಿಲ್ಲ. ಏರಿನಲ್ಲಿ ಹೊರೆಯನ್ನು ಹಿಂದಕ್ಕೂ ಬೈಕಿನ ಕಡೆಗೂ ಸರಿಸಿ. ಜೊತೆಯಲ್ಲಿ ಯಾರಾದರೂ ಇದ್ದರೆ ಅವರು ಬೈಕಿನ ಹಿಂದಿನ ಸೀಟಿಗೆ ಬರಲಿ.

ಗುಂಡಿ ಟೈರ್ ಹಿಂಚಕ್ರಕ್ಕೆ ಸಾಕು. ಕೆಸರಿನಲ್ಲಿ ಹಿಂದೆ 22, ಸೈಡ್‌ಕಾರಿಗೆ 16, ಮುಂದೆ 18 ಪಿಎಸ್‌ಐ ಗಾಳಿ ಇಟ್ಟು ನೋಡಿ, ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಗಾಳಿ ಇಳಿಸುವವರು ಹಿಂಚಕ್ರಕ್ಕೆ ರಿಮ್ ಲಾಕ್ (ಟೈರನ್ನು ರಿಮ್ಮಿಗೆ ಬಿಗಿಹಿಡಿಯುವ ಹಿಡಿಕೆ) ಹಾಕಿಸಲೇಬೇಕು, ಇಲ್ಲದಿದ್ದರೆ ಟೈರ್ ರಿಮ್ಮಿನ ಮೇಲೆ ಜರುಗಿ ಟ್ಯೂಬಿನ ವಾಲ್ ಬುಡದಲ್ಲೇ ಕಿತ್ತುಹೋಗುತ್ತದೆ. ಕೆಂಪು ಮಣ್ಣು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಚಕ್ರವನ್ನೇ ಹಿಡಿಯುವುದುಂಟು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 40 ಮಿ.ಮೀ. ಬಿಡಿ.

ಪ್ರಶ್ನೆ: ಘಾಟಿಯ ಏರಿನಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ.
– ಸಕಲೇಶಪುರ

ಉತ್ತರ: ಗೇರ್ ಅನುಪಾತ ಬೈಕಿಗೆ ತಕ್ಕದ್ದು, ಸೈಡ್‌ಕಾರಿಗಲ್ಲ. ಮುಂದಿನ ಸ್ಪ್ರಾಕೆಟಿನ (ಚೈನ್ ಎಳೆಯುವ ಹಲ್ಲುಚಕ್ರದ) ಹಲ್ಲು ಒಂದೆರಡು ಕಡಿಮೆ ಮಾಡಿ. 17 ಇದ್ದದ್ದು 15 ಆದರೆ ಅದೇ ಎಂಜಿನ್ ಸುತ್ತಿಗೆ ವೇಗ ಸುಮಾರು ಶೇ 12 ಇಳಿಯುತ್ತದೆ, ಎಳೆತ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಕ್ಲಚ್ ಅರ್ಧ ಹಿಡಿದು ಏರಬೇಡಿ. ಇಳಿಯುವಾಗಲೂ ಎರಡನೇ ಗೇರಿನಲ್ಲೇ ಬನ್ನಿ, ಡ್ರಮ್ ಬ್ರೇಕ್ ಬಿಸಿಯಾದರೆ ಹಿಡಿಯುವುದಿಲ್ಲ.

ಪ್ರಶ್ನೆ: ಸೈಡ್‌ಕಾರಿಗೆ ಆರ್‌ಟಿಒ ಅನುಮತಿ ಬೇಕೆ? ಗಿರಿಗಳ ಹುಲ್ಲುಗಾವಲಿನಲ್ಲಿ ಓಡಿಸಬಹುದೆ?
– ಚಿಕ್ಕಮಗಳೂರು

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 2(27)ನೇ ಕಲಮಿನ ಪ್ರಕಾರ ಬಿಚ್ಚಿ ಜೋಡಿಸಬಹುದಾದ ಸೈಡ್‌ಕಾರ್ ಸೇರಿಸಿಯೂ ಅದು ಮೋಟಾರ್‌ಸೈಕಲ್ಲೇ. ಆದರೆ 52ನೇ ಕಲಮು ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಪೈಪು ಕತ್ತರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಿ, ವಿಮೆಯವರಿಗೂ ತಿಳಿಸಿ. ಸೈಡ್‌ಕಾರಿನಲ್ಲಿ ಕೂತವರಿಗೂ ಹೆಲ್ಮೆಟ್ ಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿಗೆ ಚಕ್ರ ಇಳಿಸಲೇಬೇಡಿ. ಮೂರು ಚಕ್ರ ಬಿಟ್ಟ ಗೆರೆಯಲ್ಲಿ ಮಳೆನೀರು ಹರಿದು ಕೊರಕಲಾಗುತ್ತದೆ, ಅಲ್ಲಿ ಹುಲ್ಲು ಮತ್ತೆ ಹಿಡಿಯುವುದು ಬಹಳ ಕಷ್ಟ. ತೋಟದ ದಾರಿ, ಪಂಚಾಯ್ತಿ ರಸ್ತೆ ಬೇಕಾದಷ್ಟಿವೆ.

ಪ್ರಶ್ನೆ: ಎಡ ತಿರುವಿನಲ್ಲಿ ಸೈಡ್‌ಕಾರ್ ಚಕ್ರ ಮೇಲೇಳುತ್ತದೆ. ಭಯವಾಗುತ್ತದೆ.
– ಹಾಸನ

ಉತ್ತರ: ಖಾಲಿ ಸೈಡ್‌ಕಾರ್ ಎಡ ತಿರುವಿನಲ್ಲಿ ಏಳುವುದು ಸಹಜ. ಕಲಿಯುವವರೆಗೆ 40 ಕೆಜಿ ಮರಳಿನ ಚೀಲವನ್ನು ನೆಲಮಟ್ಟದಲ್ಲಿ, ಹೊರ ಅಂಚಿಗೆ ಕಟ್ಟಿಡಿ. ತಿರುವಿಗೆ ಮೊದಲೇ ವೇಗ ಇಳಿಸಿ, ಮೈಯನ್ನು ಎಡಕ್ಕೆ ಬಾಗಿಸಿ. ಚಕ್ರ ಎದ್ದರೆ ಹ್ಯಾಂಡಲನ್ನು ಸ್ವಲ್ಪ ನೇರ ಮಾಡಿ, ಆಕ್ಸಿಲರೇಟರನ್ನು ಮೆಲ್ಲಗೆ ಇಳಿಸಿ, ಚಕ್ರ ತಾನಾಗಿ ಕೂರುತ್ತದೆ. ಎದ್ದ ಗಾಬರಿಯಲ್ಲಿ ಹ್ಯಾಂಡಲನ್ನು ಎಡಕ್ಕೇ ಇನ್ನಷ್ಟು ತಿರುಗಿಸಿದರೆ ಗಾಡಿ ಬಲಕ್ಕೆ ಮಗುಚುತ್ತದೆ. ಖಾಲಿ ಮೈದಾನದಲ್ಲಿ 15 ಕಿ.ಮೀ. ವೇಗದಲ್ಲಿ ಎಡಕ್ಕೆ ವೃತ್ತ ಹೊಡೆಯುತ್ತಾ ಚಕ್ರ ಎತ್ತುವುದು, ಇಳಿಸುವುದು ಕೈಗೆ ಬಂದ ಮೇಲಷ್ಟೇ ಚಾರ್ಮಾಡಿಯಂಥ ಘಾಟಿಗೆ ಹೊರಡಿ.