ರಸ್ತೆಯ ಪಟ್ಟಿಗಿಂತ ಮೊದಲು ಬಾವಿಯ ಲೆಕ್ಕ

ಪ್ರಶ್ನೆ: ನಮ್ಮೂರಿನಲ್ಲಿ ಮಳೆಗಾಲಕ್ಕೆ ಅಂಗಳದವರೆಗೂ ನೀರು ಬರುತ್ತದೆ, ಮಾರ್ಚ್ ಕಳೆಯುವಷ್ಟರಲ್ಲಿ ಬಾವಿಯ ತಳ ಕಾಣುತ್ತದೆ. ಪಂಚಾಯತ್‌ನ ಕ್ರಿಯಾಯೋಜನೆಯಲ್ಲಿ ಮಾತ್ರ ಪ್ರತಿವರ್ಷ ಕಾಂಕ್ರೀಟ್ ರಸ್ತೆ, ಚರಂಡಿಗಳೇ. ಸುಸ್ಥಿರ ಅಭಿವೃದ್ಧಿಯ ಯೋಜನೆಯನ್ನು ಊರವರೇ ಮಾಡಬಹುದೇ? ಎಲ್ಲಿಂದ ಆರಂಭಿಸಬೇಕು?
– ಬ್ರಹ್ಮಾವರ ತಾಲೂಕಿನ ಓದುಗರೊಬ್ಬರು

ಉತ್ತರ: ಮಾಡಬಹುದು, ಮಾಡಲೇಬೇಕು. ಸಂವಿಧಾನದ 73ನೇ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದ ಮೇಲೆ ಗ್ರಾಮದ ಯೋಜನೆ ಮೊದಲು ರೂಪುಗೊಳ್ಳಬೇಕಾದದ್ದು ಗ್ರಾಮದಲ್ಲಿಯೇ. ಹೆಚ್ಚಿನವರು ಗ್ರಾಮಸಭೆಗೆ ಮಾತ್ರ ಹೋಗುತ್ತಾರೆ. ಅಷ್ಟು ಹೊತ್ತಿಗೆ ಪಟ್ಟಿ ಬಹುಪಾಲು ಸಿದ್ಧವಾಗಿರುತ್ತದೆ. ಆದುದರಿಂದ ಅದಕ್ಕೂ ಮೊದಲಿನ ವಾರ್ಡ್ ಸಭೆಯನ್ನು ತಪ್ಪಿಸಬೇಡಿ.

ಆದರೆ ಬರಿಗೈಯಲ್ಲಿ ಹೋಗಬೇಡಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿಯಲ್ಲಿ ನೀರಿಲ್ಲವೆಂದರೆ ಹೊರಗಿನವರು ನಂಬಲಾರರು. ನಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಹೀರಿಕೊಂಡು ಅಷ್ಟೇ ಬೇಗ ತೋಡುಗಳಿಗೆ, ಅಂದರೆ ಸಣ್ಣ ಹಳ್ಳಗಳಿಗೆ, ಬಿಟ್ಟುಕೊಡುತ್ತದೆ, ಘಟ್ಟದಿಂದ ಕಡಲಿಗೆ ದೂರವೂ ಕಡಿಮೆ. ಹೀಗಾಗಿ ತೋಡಿನಲ್ಲಿ ನೀರು ಎಷ್ಟು ದಿನ ನಿಂತಿತು ಎಂಬುದರ ಮೇಲೆ ಅಕ್ಕಪಕ್ಕದ ಬಾವಿಗಳ ಬೇಸಿಗೆ ನಿರ್ಧಾರವಾಗುತ್ತದೆ. ನವೆಂಬರ್‌ನಿಂದ ಮೇ ತನಕ ವಾರ್ಡಿನ ಹತ್ತು ಬಾವಿಗಳಿಗೆ ತಿಂಗಳಿಗೊಮ್ಮೆ ಕಲ್ಲು ಕಟ್ಟಿದ ಹಗ್ಗ ಇಳಿಸಿ, ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕವನ್ನು ಸಭೆಯ ಮೇಜಿನ ಮೇಲಿಟ್ಟು ಮಾತನಾಡಿದರೆ ಅದನ್ನು ದೂರು ಎಂದು ತಳ್ಳಿಹಾಕಲು ಯಾರಿಗೂ ಸುಲಭವಲ್ಲ.

ಇನ್ನು ತೋಡಿನ ನೀರನ್ನು ನಿಲ್ಲಿಸುವ ಕಿಂಡಿ ಅಣೆಕಟ್ಟು, ಅಂದರೆ ಹಲಗೆ ಹಾಕಿ ಮುಚ್ಚಿ ತೆರೆಯುವ ಕಿಂಡಿಗಳಿರುವ ಸಣ್ಣ ಅಡ್ಡಕಟ್ಟೆ. ಹಿಂದೆ ಸುಗ್ಗಿ ಬೆಳೆಗೆಂದು ಬೈಲಿನವರೆಲ್ಲ ಸೇರಿ ತೋಡಿಗೆ ಕಲ್ಲುಮಣ್ಣಿನ ಕಟ್ಟ ಹಾಕುತ್ತಿದ್ದರು. ಗದ್ದೆಗಳು ಹಡಿಲು ಬಿದ್ದಂತೆ ಆ ಕೂಡುದುಡಿಮೆಯೂ ಕಳೆಗುಂದಿತು, ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಈಗಿನ ಅಣೆಕಟ್ಟಿನ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಜೇಡಿಮಣ್ಣನ್ನು ತುಳಿದು ತುಂಬಬೇಕು. ಅಡಿಯ ಹಲಗೆಯೊಂದು ಕುಂಬಾಗಿ ಕೊಳೆತರೂ ಸಾಕು, ನಿಂತ ನೀರು ಸೋರಿಹೋಗುತ್ತದೆ. ಮಳೆಯ ಹರಿವು ಇಳಿದೊಡನೆ ಹಲಗೆ ಹಾಕಬೇಕು, ಮುಂಗಾರಿಗೆ ಮೊದಲು ತೆಗೆಯಬೇಕು. ತೆಗೆಯಲು ತಡವಾದರೆ ಬೈಲು ಮುಳುಗುತ್ತದೆ. ಅಳಿವೆಗೆ ಹತ್ತಿರವಿದ್ದರೆ ಉಪ್ಪುನೀರನ್ನು ತಡೆಯುವುದೂ ಇದೇ ಹಲಗೆ.

ಹಣದ ಮಾತು ಬಂದರೆ, 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ತನ್ನ ಗ್ರಾಮೀಣ ಅನುದಾನದ ಶೇಕಡಾ 60ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಹಾಗೂ ನೈರ್ಮಲ್ಯಕ್ಕೆ ಮೀಸಲಿಟ್ಟದ್ದನ್ನು ಸಭೆಯಲ್ಲಿ ನೆನಪಿಸಿ. ಹೊಸ ಅಣೆಕಟ್ಟನ್ನೇ ಕೇಳಬೇಕೆಂದಿಲ್ಲ. ಇರುವುದಕ್ಕೆ ಹೊಸ ಹಲಗೆ, ಅವನ್ನು ಮಳೆಗಾಲದಲ್ಲಿ ಒಣಗಿಸಿಡಲು ಒಂದು ಮಾಡು, ಹಾಕಿ ತೆಗೆಯುವ ಕೂಲಿ, ಆ ಕೆಲಸ ಯಾರದು, ಯಾವ ದಿನದೊಳಗೆ ಮುಗಿಯಬೇಕು: ಇಷ್ಟನ್ನು ನಡಾವಳಿಯಲ್ಲಿ ಬರೆಯಿಸಿ, ಅದರ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.