ಸಂಪಾದಕರ ಉತ್ತರ: ವಸ್ತಾದನ್ನ ಬದಲಿ ಮಾಡಿದ್ರ ಮಣ್ಣು ಹದಾ ಆಗತೈತೇನ್ರಿ?

ಟಿಳಕವಾಡಿಯಿಂದ ಕಾಲೇಜು ಹುಡುಗರೊಬ್ಬರು ಎರಡೂವರೆ ಪುಟದ ಪತ್ರ ಬರದಾರ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ದ ಫ್ಯಾನ್. ರೂಮಿನ್ಯಾಗ ಆರು ಮಂದಿ ಕೂಡಿ ರಾತ್ರಿ ಮ್ಯಾಚ್ ನೋಡ್ತಾರಂತ, ಅದರಾಗ ಐದು ಮಂದಿಗೆ ಈಗ ಯಾವ ಮ್ಯಾನೇಜರ್ ಮ್ಯಾಲೂ ವಿಶ್ವಾಸ ಉಳದಿಲ್ಲಂತ. ‘ಸೋತಾಗ ಕೈ ಬಿಡಾವ ಎಂಥಾ ಫ್ಯಾನ್ ಅಂತ ಅಪ್ಪ ಬೈತಾರ, ಆದ್ರ ಟೀಮ್ ಗೆಲ್ಲಲಿಲ್ಲಂದ್ರ ಮ್ಯಾನೇಜರ್‌ನ ತಗೀಬೇಕೋ ಬ್ಯಾಡೋ ನೀವಾರ ಹೇಳ್ರಿ ಸರ್’ ಅಂತ ಕೇಳ್ಯಾರ. ಕೆಳಗ ಮೂಲ್ಯಾಗ ಸಣ್ಣ ಅಕ್ಷರದಾಗ, ಹೋದ ತಿಂಗಳ ಸಂಚಿಕಿ ಮುಟ್ಟಿಲ್ಲ ಅಂತನೂ ಬರದಾರ. ಅದಕ್ಕ ಕಡೀಕ ಬರ್ತೀನಿ.

ಮೊದಲು ನಿಮ್ಮ ಪರವಾಗಿ ಒಂದು ಮಾತು ಹೇಳಿ ಮುಗಿಸಿಬಿಡ್ತೀನಿ. 2024-25ರಾಗ ಇಂಗ್ಲೆಂಡಿನ ಲೀಗ್‌ನ್ಯಾಗ 38 ಮ್ಯಾಚಿನ್ಯಾಗ 18 ಸೋತು, 42 ಪಾಯಿಂಟ್ ತಗೊಂಡು 15ನೇ ನಂಬರಿಗೆ ನಿಂತ ಟೀಮ್ ನೋಡಿ ಸಿಟ್ಟು ಬರಲಿಲ್ಲಂದ್ರ ಅಂವ ಮಠಕ್ಕ ಹೋಗಾಕ ಲಾಯಕ್ಕು. ಅದ ವರ್ಷ ಸ್ಪೇನಿನ ಬಿಲ್ಬಾವೊದಾಗ ಆದ ಯುರೋಪಾ ಲೀಗ್ ಕಪ್ಪಿನ ಫೈನಲ್ ನಮಗ ರಾತ್ರಿ ಹನ್ನೆರಡೂವರಿಗೆ ಶುರುವಾತು, ಅಷ್ಟೊತ್ತನಕ ಕಣ್ಣಿಗೆ ನೀರು ಹೊಡಕೊಂಡು ಕುಂತು ಟಾಟೆನ್‌ಹ್ಯಾಮ್ ಕೈಯಾಗ 1-0 ಸೋತದ್ದು ನೋಡಿದವರಿಗೆ ಬೈಯೂ ಹಕ್ಕು ಐತಿ. ಬೈರಿ. ಯಾರನ್ನ ಬೈತೀರಿ ಅನ್ನೂದಷ್ಟ ನನ್ನ ತಕರಾರು.

ಅವತ್ತು ಗೆದ್ದ ಮ್ಯಾನೇಜರ್ ಪೋಸ್ಟೆಕೊಗ್ಲು ಗತಿ ಏನಾತು? ಲೀಗ್‌ನ್ಯಾಗ ಅವರದು 17ನೇ ನಂಬರ್ ಇತ್ತು ಖರೆ, ಆದ್ರೂ ಕಪ್ ತಂದುಕೊಟ್ಟ 16 ದಿನಕ್ಕ ಮನೀಗೆ ಕಳಿಸಿದ್ರು. ನಿಮ್ಮ ಯುನೈಟೆಡ್‌ನವರೂ ಕಡಿಮಿ ಇಲ್ಲ, 2016ರಾಗ ಮ್ಯಾನೇಜರ್ ವಾನ್ ಗಾಲ್ ಇಂಗ್ಲೆಂಡಿನ ಎಫ್‌ಎ ಕಪ್ ಗೆದ್ದ ಎರಡ ದಿನಕ್ಕ ಅವರನ್ನ ತಗದ್ರು. ಲಗ್ನದ ಊಟ ಅರಗೂದ್ರಾಗ ಸೋಡಚೀಟಿ!

ಯುನೈಟೆಡ್‌ದ ಹಳೇ ಮ್ಯಾನೇಜರ್ ಫರ್ಗ್ಯುಸನ್ ಹೆಸರು ನಿಮ್ಮ ಪತ್ರದಾಗ ಒಂಬತ್ತು ಸಲ ಬಂದೈತಿ, ಎಣಿಸೇನಿ. 1986ರ ನವೆಂಬರ್‌ದಾಗ ಅವರು ಬಂದಾಗ 22 ಟೀಮಿನ್ಯಾಗ ಯುನೈಟೆಡ್ 21ನೇದ್ದು. ಲೀಗ್ ಮುಗದಾಗ ಆ ವರ್ಷ 11ನೇ ನಂಬರ್, ಮುಂದ 2, ಮತ್ತ 11, ಆಮ್ಯಾಲೆ 13. 1989ರ ಸೆಪ್ಟೆಂಬರ್‌ದಾಗ ಅದ ಊರಿನ ಮ್ಯಾಂಚೆಸ್ಟರ್ ಸಿಟಿ ಟೀಮ್ ಕೈಯಾಗ 5-1 ಸೋಲು. ಡಿಸೆಂಬರ್‌ದಾಗ ಫ್ಯಾನ್ ಒಬ್ಬ ಸ್ಟೇಡಿಯಂನ್ಯಾಗ, ಮೂರು ವರ್ಷ ನೆವಾ ಕೇಳಿದ್ದು ಸಾಕು ಹೋಗಿ ಬಾರಪ್ಪಾ ಅನ್ನೂ ಅರ್ಥದ ಬ್ಯಾನರ್ ಎತ್ತಿದ. ಆ ಬ್ಯಾನರ್ ಹಿಡಿದಂವಾ ನಿಮ್ಮ ರೂಮಿನ್ಯಾಗ ಏಳನೇಯಂವ ಆಗಿ ಆರಾಮ ಕುಂದರ್ತಿದ್ದ ನೋಡ್ರಿ. ಮುಂದಿನ ತಿಂಗಳ ಎಫ್‌ಎ ಕಪ್ ಮ್ಯಾಚಿನ್ಯಾಗ ಯುನೈಟೆಡ್‌ದ ಮಾರ್ಕ್ ರಾಬಿನ್ಸ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಟೀಮಿಗೆ ಒಂದು ಗೋಲ್ ಹೊಡದ, ಮೇದಾಗ ಆ ಕಪ್ ಬಂತು, ಲೀಗ್ ಬರಾಕ 1993 ಆಗಬೇಕಾತು. 2013ಕ್ಕ ಅವರು ಎದ್ದು ಹೋಗೂದ್ರಾಗ ಲೀಗ್ 13 ಸಲ ಬಂದಿತ್ತು. ಎಲ್ಲಾರೂ ಫರ್ಗ್ಯುಸನ್ ಆಗ್ತಾರೇನ್ರಿ ಅಂತೀರಿ. ಆಗೂದಿಲ್ಲ, ಒಪ್ಪಿದೆ. ಆದ್ರ ಹತ್ತು ತಿಂಗಳಿಗೆ ಕಳಿಸಿದ್ರ ಫರ್ಗ್ಯುಸನ್ನೂ ಫರ್ಗ್ಯುಸನ್ ಆಗ್ತಿದ್ದಿಲ್ಲ.

ನಮ್ಮ ಮಾವ, ಅಂದ್ರ ಅವ್ವನ ತಮ್ಮ, ತಾಲೀಮಿನ್ಯಾಗ, ಅಂದ್ರ ಗರಡಿಮನ್ಯಾಗ, ಬೆಳದಂವ. ಸಣ್ಣಾವಿದ್ದಾಗ ನನ್ನ ಕರಕೊಂಡು ಹೋಗ್ತಿದ್ದ. ಕುಸ್ತಿ ಕಡೀಗ್ರಿ, ಮೊದಲ ಕೆಮ್ಮಣ್ಣು ಜರಡಿ ಹಿಡಿಯೂದು, ಅದಕ್ಕ ಮಜ್ಜಿಗಿ, ಎಣ್ಣಿ, ಅರಿಷಿಣ, ನಿಂಬಿಹಣ್ಣಿನ ರಸ ಹಾಕಿ ಗುದ್ದಲೀಲೆ ಹೊಳ್ಳಿಸಿ ಹೊಳ್ಳಿಸಿ ಹದಾ ಮಾಡೂದು, ಮುಷ್ಟ್ಯಾಗ ಹಿಡದು ಬಿಟ್ರ ಉದುರಬೇಕು, ಅಂಟಬಾರದು. ಒಂದು ವರ್ಷ ಪಂಚರು ಮಣ್ಣಿಗೆ ರೊಕ್ಕ ಬಿಚ್ಚಲಿಲ್ಲ. ಪೈಲವಾನ್ರ ಮೊಣಕೈ ಮೊಣಕಾಲು ಕೆತ್ತಿ ರಕ್ತ, ಜಾತ್ರಿ ಕುಸ್ತ್ಯಾಗ ಎಲ್ಲಾರೂ ಚಿತ್. ಪಂಚರು ಏನ್ ಮಾಡಿದ್ರು? ಕುಸ್ತಿ ಕಲಸೂ ವಸ್ತಾದನ್ನ ತಗದ್ರು. ಹೊಸಾ ವಸ್ತಾದ ಬಂದ, ಮಣ್ಣು ಅದ, ಮುಂದಿನ ವರ್ಷನೂ ಚಿತ್.

ಯುನೈಟೆಡ್‌ದು ಇದ ಹಣೇಬರಹ. 2005ರಾಗ ಗ್ಲೇಜರ್ ಮನೆತನದವರು ಸಾಲಾ ಮಾಡಿ ಕ್ಲಬ್ ತಗೊಂಡು ಆ ಸಾಲಾ ಕ್ಲಬ್ಬಿನ ತಲೀಗೆ ಕಟ್ಟಿದ್ರು. ಫರ್ಗ್ಯುಸನ್ ಜಾಗಾಕ್ಕ ಬಂದ ಮ್ಯಾನೇಜರ್ ಮೊಯೆಸ್‌ಗೆ ಆರು ವರ್ಷದ ಕರಾರು ಬರಕೊಟ್ಟು ಹತ್ತು ತಿಂಗಳಿಗೆ ಬಾಗಲಾ ತೋರಿಸಿದ್ರು. ಮತ್ತೊಬ್ಬ ಮ್ಯಾನೇಜರ್ ಟೆನ್ ಹಾಗ್‌ಗೆ 2024ರ ಜುಲೈದಾಗ ಕರಾರು ಮುಂದುವರಿಸಿ, ಅಕ್ಟೋಬರ್‌ದಾಗ ತಗದು, ಪರಿಹಾರ ಬ್ಯಾರೆ ಎಣಿಸಿಕೊಟ್ರು. ಇಷ್ಟರ ನಡುವ ಆ ವರ್ಷದ ಮೇದಾಗ ಆರ್ಸೆನಲ್ ಮ್ಯಾಚ್ ದಿನ ಮಳಿ ಬಂದು ಯುನೈಟೆಡ್‌ದ ಸ್ಟೇಡಿಯಂ ಓಲ್ಡ್ ಟ್ರಾಫರ್ಡ್ ಚಾವಣಿ ಸೋರಿ ಜಲಪಾತದಂಗ ನೀರು ಬಿದ್ದದ್ದು ಜಗತ್ತ ನೋಡೇತಿ. ಬೆಳಗಾವಿ ಮಳಿ ಉಂಡವರು ನಾವು, ಸೋರೂ ಮನ್ಯಾಗ ಹಂಚು ಕೈಯಾಡಸ್ತೀವೋ ಬಾಡಿಗಿದಾರನ್ನ ಬಿಡಸ್ತೀವೋ?

ದೂರದ ಮಾತ್ಯಾಕ, ನಮ್ಮ ಓಣಿ ಗಟಾರದ ಕಥಿ ಕೇಳ್ರಿ. ಒಬ್ಬ ಸಾಹೇಬರು ಬಂದು ಟೇಪ್ ಹಿಡದು ಅಳತಿ ತಗೊಂಡು ಹ್ವಾದ್ರು, ಬದಲಿ ಆದ್ರು. ಎರಡನೇದವರು ಬಂದು ಹಳೇ ಫೈಲ್ ಸಿಗವಲ್ದು ಅಂತ ಮತ್ತ ಅಳದ್ರು, ಬದಲಿ ಆದ್ರು. ಮೂರನೇ ಸಲ ಟೇಪ್‌ನ ಇನ್ನೊಂದು ತುದಿ ನಾನ ಹಿಡದೆ, ಸಾಹೇಬರು ಅಂಕಿ ಬರಕೋಳೂಕಿಂತ ಮೊದಲ ಬಾಯಿಪಾಠ ಹೇಳಿದೆ. ಗಟಾರ ಅಲ್ಲೇ ಐತಿ, ಸೊಳ್ಳಿ ಅಲ್ಲೇ ಅದಾವ, ಅವಕ್ಕ ಬದಲಿ ಇಲ್ಲ. ಮತ್ತ ಮಂದಿ ಹೇಳೂದೇನು? ‘ಈ ಸಾಹೇಬ ಬರೋಬ್ಬರಿಲ್ಲ, ಬ್ಯಾರೆದಾವ ಬರ್ಲಿ.’ ನೀವೂ ಇದನ್ನ ಎರಡೂವರೆ ಪುಟ ಬರದೀರಿ, ಅಕ್ಷರ ಮಾತ್ರ ದುಂಡಗ ಅದಾವ.

ಅಪ್ಪಾರಿಗೆ ಹೇಳ್ರಿ, ಮಗಾ ಕೈ ಬಿಟ್ಟಿಲ್ಲ, ಕೈ ಬಿಟ್ಟಾವ ಇಷ್ಟು ಉದ್ದ ಪತ್ರ ಬರಿಯೂದಿಲ್ಲ ಅಂತ. ಆರನೇ ಹುಡುಗನ ಬಗ್ಗೆ ಒಂದು ಸಾಲೂ ಬರದಿಲ್ಲಲ್ಲ, ಇನ್ನೂ ನಂಬಿಕೊಂಡು ಕುಂತಾನಲ್ಲ ಅಂವ, ಅವನಿಗೊಂದು ಚಾ ಕುಡಸ್ರಿ, ನನ್ನ ಲೆಕ್ಕಕ್ಕ.

ಇನ್ನ ಸಂಚಿಕಿ. ಮುಟ್ಟಲಾರದ್ದು ನಮ್ಮದ ತಪ್ಪು, ಪಿನ್‌ಕೋಡ್ ತಪ್ಪು ಬಿದ್ದಿತ್ತು, ಮತ್ತೊಂದು ಪ್ರತಿ ಇವತ್ತ ಟಪಾಲಿಗೆ ಹಾಕೇವಿ. ಇದರ ಸಲುವಾಗಿ ಸಂಪಾದಕನ್ನ ಬದಲಿ ಮಾಡ್ರಿ ಅಂತ ಮಾತ್ರ ಬರೀಬ್ಯಾಡ್ರಿ.