ಸಮುದಾಯ ಕಲೆ ನೋವಿಗೆ ಸಾಂತ್ವನವೂ ಆಗಿ, ದಾಖಲೆಯೂ ಆಗಬಲ್ಲದೇ?

ಆಗಬಲ್ಲದು. ಚಿಲಿ ದೇಶದ ‘ಅರ್ಪಿಯೇರಾ’ ಹೊಲಿಗೆ ಚಿತ್ರಗಳೇ ಇದಕ್ಕೆ ಉದಾಹರಣೆ. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಸೇನಾ ಮುಖ್ಯಸ್ಥ ಪಿನೋಚೆಯ ಆಡಳಿತ ಸಾವಿರಾರು ಜನರನ್ನು ಬಂಧಿಸಿತು. ಅನೇಕರ ಸುಳಿವೇ ಸಿಗಲಿಲ್ಲ. ಅವರ ತಾಯಂದಿರು, ಹೆಂಡತಿಯರು, ಸಹೋದರಿಯರು ಸಾಂತಿಯಾಗೋ ನಗರದಲ್ಲಿ ಚರ್ಚಿನ ಆಶ್ರಯದಲ್ಲಿ ಒಟ್ಟಿಗೆ ಕುಳಿತು ಹೊಲಿಯತೊಡಗಿದರು. 1976ರಿಂದ ಅವರ ಬೆನ್ನಿಗೆ ನಿಂತದ್ದು ಕಾರ್ಡಿನಲ್ ರೌಲ್ ಸಿಲ್ವಾ ಎನ್ರಿಕೆಸ್ ಮುಂದಾಳತ್ವದ ‘ವಿಕಾರಿಯಾ ದೆ ಲಾ ಸೊಲಿದಾರಿದಾದ್’ ಎಂಬ ಕ್ಯಾಥೊಲಿಕ್ ಚರ್ಚಿನ ಮಾನವ ಹಕ್ಕು ಸಂಸ್ಥೆ.

ಗೋಣಿತಟ್ಟಿನ ಮೇಲೆ ಬಟ್ಟೆಯ ಚೂರುಗಳು, ಕೆಲವೊಮ್ಮೆ ಕಾಣೆಯಾದವರ ಅಂಗಿಯದೇ ತುಂಡು. ಹಿನ್ನೆಲೆಯಲ್ಲಿ ಆಂಡಿಸ್ ಪರ್ವತ, ಸೂರ್ಯ. ಮುಂದೆ ಪೊಲೀಸರು, ಸೆರೆಮನೆ, ಬಡವರ ಸಾಮೂಹಿಕ ಅಡುಗೆ, ‘ಅವರೆಲ್ಲಿದ್ದಾರೆ?’ ಎಂಬ ಫಲಕ ಹಿಡಿದ ಹೆಂಗಸರು. ದೂರದಿಂದ ನಮ್ಮ ಕೌದಿಯಷ್ಟೇ ನಿರುಪದ್ರವಿಯಾಗಿ ಕಾಣುವ ಇವು ವಿದೇಶಗಳಲ್ಲಿ ಮಾರಾಟವಾದವು. ಮನೆಗೆ ಒಂದಿಷ್ಟು ಹಣ ಬಂತು, ದೇಶದೊಳಗೆ ಅಚ್ಚಾಗದ ಸುದ್ದಿ ಹೊರಗೆ ಹೋಯಿತು.

ಗಾಯ ಪೂರ್ತಿ ಮಾಯಿತೆಂದು ನಾನು ಹೇಳಲಾರೆ. ಶವವೇ ಸಿಗದ ಮನೆಯಲ್ಲಿ ದುಃಖಕ್ಕೆ ಕೊನೆ ಎಲ್ಲಿ? ಆದರೆ ಒಂಟಿಯಾಗಿ ಅಳುತ್ತಿದ್ದವರಿಗೆ ತಮ್ಮಂಥವರ ಜೊತೆ ಸಿಕ್ಕಿತು, ಕೈಗೆ ಕೆಲಸ ಸಿಕ್ಕಿತು, ಸಾಕ್ಷಿ ಹೇಳುವವಳು ಎಂಬ ಹೊಸ ಗುರುತೂ ಸಿಕ್ಕಿತು.

2010ರಲ್ಲಿ ಸಾಂತಿಯಾಗೋದಲ್ಲಿ ತೆರೆದ ಸ್ಮೃತಿ ಮತ್ತು ಮಾನವ ಹಕ್ಕುಗಳ ವಸ್ತುಸಂಗ್ರಹಾಲಯದಲ್ಲಿ ಇವುಗಳ ಸಂಗ್ರಹವಿದೆ. ನಿಮ್ಮೂರಿನಲ್ಲಿ ಇಂಥದ್ದನ್ನು ಆರಂಭಿಸುವುದಾದರೆ ಯಾರು, ಯಾವಾಗ, ಏಕೆ ಮಾಡಿದರು ಎಂಬುದನ್ನು ಅವರ ಒಪ್ಪಿಗೆ ಪಡೆದು ಮೊದಲ ದಿನದಿಂದಲೇ ಬರೆದಿಡಿ. ಚಿಲಿಯಲ್ಲಿ ಭಯದಿಂದಾಗಿ ಎಷ್ಟೋ ತುಣುಕುಗಳಿಗೆ ಹೊಲಿದವರ ಹೆಸರೇ ಇಲ್ಲ.